ಅಡ್ಡಹೆಸರು ಉಳೀತು, ಕಸುಬು ಎಲ್ಲಿಗೆ ಹೋಯ್ತು?

ಉತ್ತರ ಕರ್ನಾಟಕದ ಯಾವ ಊರಿನ ಮತದಾರರ ಪಟ್ಟಿಯನ್ನಾದ್ರೂ ತೆಗೆದು ನೋಡಿ. ಕಂಬಾರ, ಬಡಿಗೇರ, ಪತ್ತಾರ, ಕುಂಬಾರ, ಗಾಣಿಗೇರ. ಹಳೇ ಊರಿನ ಅರ್ಧ ಅರ್ಥವ್ಯವಸ್ಥೆ ಅಡ್ಡಹೆಸರುಗಳಲ್ಲೇ ಕಾಣುತ್ತೆ. ನನ್ನದು ಬಡಿಗೇರ. ಆದರೆ ನಮ್ಮ ಮನೆಯಲ್ಲಿ ಬಾಚಿ, ಉಳಿ ಹಿಡಿದು ಬದುಕಿದ ಕೊನೆಯವರು ಅಜ್ಜ. 2023ರ ಸೆಪ್ಟೆಂಬರ್‌ನಲ್ಲಿ ಪಿಎಂ ವಿಶ್ವಕರ್ಮ ಯೋಜನೆ ಬಂದ ಮೇಲೆ ‘ಕುಟುಂಬದ ಸಾಂಪ್ರದಾಯಿಕ ಕಸುಬು’ ಅನ್ನೋ ಮಾತು ಮತ್ತೆ ಚಾಲ್ತಿಗೆ ಬಂತು. ಹಾಗಾದರೆ ಕಸುಬನ್ನ ಒಂದು ಮನೆತನದಲ್ಲಿ ಇಷ್ಟು ತಲೆಮಾರು ಹಿಡಿದಿಟ್ಟಿದ್ದು ಏನು? ನಮ್ಮದೇ ಮನೆಯಿಂದ ಹುಡುಕತೊಡಗಿದೆ.

ಬೇಲೂರಿನ ಶಿಲ್ಪಗಳಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೊರೆದಿದ್ದಾರೆ. ನೇಗಿಲಿನ ಮೇಲೆ ಯಾರು ಹೆಸರು ಕೊರೀತಾರೆ? ನಮ್ಮಂಥವರಿಗೆ ದಾಖಲೆ ಅಂದರೆ ಹೆಳವರು. ಎತ್ತಿನ ಮೇಲೆ ಬಂದು ಮನೆತನದ ವಂಶಾವಳಿ ಹೇಳಿ, ಕಾಳು-ಬಟ್ಟೆ ತಗೊಂಡು ಹೋಗೋರು. ನಮ್ಮ ಹೆಳವ ಅಜ್ಜನಿಂದ ಹಿಂದಕ್ಕೆ ಐದು ತಲೆಮಾರಿನ ಹೆಸರು ಹೇಳಿದ. ಗಂಡಸರವು ಮಾತ್ರ, ಹೆಣ್ಣುಮಕ್ಕಳು ಲೆಕ್ಕದಲ್ಲೇ ಇಲ್ಲ. ಅದರಲ್ಲಿ ಇಬ್ಬರು ಬಡಿಗತನ ಬಿಟ್ಟು ಕುಲುಮೆ ಹಾಕಿದ್ದರಂತೆ! ಅಂದರೆ ಕಸುಬು ಗೆರೆ ಎಳೆದಂಗೆ ಬಂದಿಲ್ಲ. ಪಾಂಚಾಳರ ಐದು ಕಸುಬುಗಳ ನಡುವೆ ಊರಿಗೆ ಯಾವುದು ಬೇಕೋ ಅದಕ್ಕೆ ಕೈ ಹೊರಳಿದೆ.

ಎರಡನೇ ಸುಳಿವು ಜಮೀನಿನದು. ವಿಜಯಪುರ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. ಅಲ್ಲಿನ ಇನಾಮುಗಳಲ್ಲಿ ‘ಸಮಾಜಕ್ಕೆ ಉಪಯುಕ್ತ’ ಸೇವೆಯದ್ದೇ ಒಂದು ವರ್ಗ. ಊರಿನ ಕೆಲಸ ಮಾಡೋವರೆಗೂ ಭೂಮಿ ಉಣ್ಣಬಹುದು. ಇದರ ಜೊತೆಗೆ ಆಯ. ಸುಗ್ಗಿಯಲ್ಲಿ ಪ್ರತಿ ರೈತನ ಕಣದಿಂದ ಬಡಿಗನಿಗೆ ಇಷ್ಟು ಜೋಳ ಅಂತ ನಿಗದಿ. ವರ್ಷವಿಡೀ ನೇಗಿಲು, ಕುಂಟೆ, ಕೂರಿಗೆ ರಿಪೇರಿಗೆ ಬೇರೆ ಕೂಲಿ ಇಲ್ಲ. ಮುಂಬೈ ಸರ್ಕಾರ 1953ರಲ್ಲಿ ಕಾಯ್ದೆ ಮಾಡಿ ಆ ಇನಾಮುಗಳನ್ನ ರದ್ದುಮಾಡಿತು. ಆಯ ಮಾತ್ರ ಅಜ್ಜನ ಕಾಲದವರೆಗೂ ಹೆಂಗೋ ನಡೀತು.

ಈ ವ್ಯವಸ್ಥೆಯನ್ನ ಹೊಗಳೋಕೆ ನಾನು ಬಂದಿಲ್ಲ. ಬಡಿಗನ ಮಗ ಬಡಿಗನೇ ಆಗಬೇಕಿತ್ತು. ಅದೇ ಕಣದಲ್ಲಿ ದಲಿತ ಆಯಗಾರರಿಗೆ ಸಿಕ್ಕಿದ್ದು ಕಾಳಿಗಿಂತ ಹೆಚ್ಚಾಗಿ ಅವಮಾನ. ಆದರೆ ವಿದ್ಯೆ ಉಳಿಯೋಕೆ ಬೇಕಾದ ಒಂದು ಸಂಗತಿ ಅಲ್ಲಿತ್ತು: ಖಾತ್ರಿಯ ಗಿರಾಕಿ.

ವಿದ್ಯೆ ಅಂದರೆ ಏನು ಅನ್ನೋಕೆ ಕೂರಿಗೆ ನೋಡಬೇಕು. ದಿಂಡಿಗೆ ತಾಳು ಕೂಡಿಸಿ, ಮೇಲೆ ಬಟ್ಟಲು. ಬಿತ್ತೋರು ಬಟ್ಟಲಿಗೆ ಬೀಜ ಬಿಟ್ಟರೆ ಅದು ಕೊಳವೆಗಳಲ್ಲಿ ಇಳಿದು ಸಾಲಿಗೆ ಬೀಳುತ್ತೆ. ಬಟ್ಟಲಿನ ತೂತು ಸ್ವಲ್ಪ ಓರೆಯಾದರೂ ಒಂದು ಸಾಲು ದಟ್ಟ, ಇನ್ನೊಂದು ವಿರಳ. ತಾಳುಗಳ ಅಂತರ ಬೆಳೆಗೆ ತಕ್ಕಂತೆ. ಮುಂದೆ ಕಳೆ ತೆಗೆಯೋ ಎಡೆಕುಂಟೆ ಅದೇ ಅಂತರಕ್ಕೆ ಹೊಂದಬೇಕು, ಇಲ್ಲಾಂದ್ರೆ ಬೆಳೆಯೇ ಕಡಿದುಹೋಗುತ್ತೆ. ಹಾಗಾಗಿ ಊರಿನ ಕೂರಿಗೆ, ಎಡೆಕುಂಟೆ ಎರಡೂ ಒಂದೇ ಕೈಯಳತೆಯಲ್ಲಿ ಆಗೋದು ಲೇಸು. ಡೋಣಿ ಸಾಲಿನ ಎರೆಮಣ್ಣಿಗೆ ಜಾಲಿಯೇ ಸರಿ ಅಂತಿದ್ದರು ಅಜ್ಜ. ಹಸಿ ಕಟ್ಟಿಗೆ ಮುಟ್ಟುತ್ತಿರಲಿಲ್ಲ, ‘ಬಿರುಕು ಬಿಟ್ರ ಬೈಸ್ಕೊಳ್ಳಾವ ನಾನs’ ಅನ್ನೋರು.

ಟ್ರ್ಯಾಕ್ಟರ್ ಬಂತು, ಅದರ ಬೆನ್ನಿಗೆ ಕಬ್ಬಿಣದ ಕೂರಿಗೆ. ಟಾಯರ್ ಗಾಡಿ ಬಂದು ಕಟ್ಟಿಗೆ ಗಾಲಿ ಹೋಯ್ತು. ರೈತನಿಗೆ ಬಡಿಗ ಬೇಡವಾದ ಮೇಲೆ ಕಣದಲ್ಲಿ ಆಯ ಯಾಕೆ ಕೊಡ್ತಾನೆ? ನಮ್ಮ ದೊಡ್ಡಪ್ಪ ಪುಣೆಗೆ ಹೋಗಿ ಫರ್ನಿಚರ್ ಕೆಲಸಕ್ಕೆ ಸೇರಿದರು. ಅಪ್ಪ ಮೇಷ್ಟ್ರಾದರು. ಕಸುಬು ಬಿಟ್ಟಿದ್ದಕ್ಕೆ ಯಾರೂ ಅಳಲಿಲ್ಲ, ನಿಜ ಹೇಳಬೇಕಂದ್ರೆ ಅಜ್ಜಿ ಖುಷಿಪಟ್ಟರು.

ಈಗಿನ ಯೋಜನೆಯಲ್ಲಿ 18 ಕಸುಬುಗಳಿವೆ, ಬಡಿಗತನವೂ ಒಂದು. ಸಲಕರಣೆಗೆ 15,000 ರೂಪಾಯಿ, 5% ಬಡ್ಡಿಗೆ ಮೊದಲು 1 ಲಕ್ಷ, ಆಮೇಲೆ 2 ಲಕ್ಷದವರೆಗೆ ಸಾಲ, ಮನೆಗೆ ಒಬ್ಬರಿಗೆ ಮಾತ್ರ. ದುಡ್ಡು ಬೇಡ ಅನ್ನೋರು ಯಾರೂ ಇಲ್ಲ. ಆದರೆ ಹಳೇ ಕಾಲದಲ್ಲಿ ಊರು ಬಡಿಗನಿಗೆ ಬಾಚಿ ಕೊಡಿಸ್ತಿರಲಿಲ್ಲ, ಸಾಲವನ್ನೂ ಕೊಡ್ತಿರಲಿಲ್ಲ. ಕೆಲಸ ಕೊಡ್ತಿತ್ತು. ಊರಲ್ಲಿ ಉಳಿದ ನಮ್ಮ ಚಿಕ್ಕಪ್ಪನ ಮಗನಿಗೆ ಕೇಳಿದೆ, ಅರ್ಜಿ ಹಾಕ್ತೀಯಾ ಅಂತ. ಅವನು ಪ್ಲೈವುಡ್ ಬಾಗಿಲು ಕೂಡಿಸ್ತಾನೆ. ‘ಮಷೀನ್ ತಗೋತೀನಿ, ಆದ್ರ ರೆಡಿಮೇಡ್ ಬಾಗಿಲಾ ಸಿಗೂ ಮುಂದ ನನ್ನ ಬಾಗಿಲಾ ಯಾರ್ ತಗೋತಾರ, ಅದನ್ನ ಯೋಜನೆದಾಗ ಎಲ್ಲಿ ಬರದಾರ ಹೇಳು’ ಅಂದ.