ಸುಬ್‌ಹಿ ನಮಾಝ್ ಮುಗಿಸಿ ಐದು ಕಿಲೋಮೀಟರ್

“ಬಾಪ, ನನ್ನ ಹೆಸರು ಕೊಟ್ಟಾಯ್ತು. ನಿಮ್ಮದೂ ಕೊಟ್ಟಿದ್ದೇನೆ.”

ಏಳನೇ ತರಗತಿಯ ಮಗಳು ಊಟದ ಹೊತ್ತಿಗೆ ಹೀಗೆ ಹೇಳಿದಾಗ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಜನವರಿಯಲ್ಲಿ ಮಂಗಳೂರಿನಲ್ಲಿ ನಡೆಯುವ ಓಟ, ಐದು ಕಿಲೋಮೀಟರ್. ನಾನು ಕೊನೆಯ ಬಾರಿ ಓಡಿದ್ದು ಯಾವಾಗ? ಬಸ್ ಹಿಡಿಯಲು ಓಡಿದ್ದನ್ನು ಬಿಟ್ಟರೆ ಕಾಲೇಜಿನ ದಿನಗಳಲ್ಲಿ. ಆಮೇಲೆ ಹನ್ನೊಂದು ವರ್ಷ ಗಲ್ಫ್‌ನಲ್ಲಿ ಡ್ರೈವಿಂಗ್, ಈಗ ಊರಲ್ಲಿ ಅಂಗಡಿ. ಎರಡೂ ಕೂತು ಮಾಡುವ ಕೆಲಸ.

ಆಗುವುದಿಲ್ಲ ಎನ್ನಲು ಬಾಯಿ ತೆರೆದೆ. ಆದರೆ ಅದೇ ತಿಂಗಳು ರಕ್ತ ಪರೀಕ್ಷೆಯ ವರದಿ ಬಂದಿತ್ತು. ಮೂರು ತಿಂಗಳ ಸರಾಸರಿ ಸಕ್ಕರೆಯ ಅಂಕಿ 6.2. 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲು ಎಂದು ವೈದ್ಯರು ತಿಳಿಸಿದ್ದರು. ನನ್ನ ಬಾಪ ಇದೇ ಕಾಯಿಲೆಯಲ್ಲಿ ಎಡಗಾಲಿನ ಎರಡು ಬೆರಳು ಕಳಕೊಂಡವರು. ಕೊನೆಯ ವರ್ಷಗಳಲ್ಲಿ ಮಸೀದಿಗೆ ಹೋಗಲೂ ಅವರಿಗೆ ಆಟೋ ಬೇಕಿತ್ತು. ಹಾಗಾಗಿ ಬಾಯಿ ಮುಚ್ಚಿದೆ.

ಎಂಟು ವಾರದ ಪಾಠ

ಮೊದಲ ದಿನ ಮಂಗಳಾ ಕ್ರೀಡಾಂಗಣದ ಹತ್ತಿರ ಓಡಲು ಶುರು ಮಾಡಿದವನು ಎರಡೇ ನಿಮಿಷಕ್ಕೆ ಕಂಬ ಹಿಡಿದು ನಿಂತೆ. “ಎಂತ ಮಾರಾಯ, ಯಾರಾದ್ರೂ ಓಡಿಸಿಕೊಂಡು ಬಂದ್ರಾ?” ಎಂದು ಪರಿಚಯದ ಮೀನಿನ ವ್ಯಾಪಾರಿಯೊಬ್ಬರು ಸ್ಕೂಟರ್ ನಿಲ್ಲಿಸಿ ಕೇಳಿದರು. ಮರುದಿನ ಮೊಣಕಾಲು ಮಡಚಲಾಗದೆ ಕುರ್ಚಿಯಲ್ಲಿ ಕೂತು ನಮಾಝ್ ಮಾಡಬೇಕಾಯಿತು.

ವೈದ್ಯರ ಬಳಿ ಹೋದೆ. ಅವರು ಇಸಿಜಿ ಮಾಡಿಸಿ, ಸರಳವಾದ ದಾರಿ ತೋರಿಸಿದರು. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ವಾರಕ್ಕೆ ಮೂರೇ ದಿನ. ಓಡುವಾಗ ಪಕ್ಕದವರ ಜೊತೆ ಮಾತಾಡಲು ಆಗಬೇಕು, ಮಾತು ಹೊರಡದಿದ್ದರೆ ವೇಗ ಹೆಚ್ಚಾಯಿತೆಂದೇ ಅರ್ಥ. ಎದೆ ನೋವು, ತಲೆ ಸುತ್ತು ಬಂದರೆ ತಕ್ಷಣ ನಿಲ್ಲಬೇಕು. ಹಳೆಯ ಸ್ಯಾಂಡಲ್ ಬಿಟ್ಟು ಸರಿಯಾದ ಶೂ ಹಾಕಬೇಕು.

ಸಮಯ ಹೊಂದಿಸುವುದು ನಮಗೆ ಕಷ್ಟವಲ್ಲ. ಸುಬ್‌ಹಿಗೆ ಏಳುವ ಅಭ್ಯಾಸ ಇದ್ದೇ ಇದೆ. ಆದರೆ ನಮಾಝ್ ಮುಗಿಸಿ ಮತ್ತೆ ಚಾದರ ಹೊದ್ದುಕೊಳ್ಳುವ ಅಭ್ಯಾಸವೂ ಇತ್ತಲ್ಲ, ಅದನ್ನು ಬಿಡುವುದು ಕಷ್ಟವಾಯಿತು. ರಾತ್ರಿ ಊಟ ಬೇಗ ಮುಗಿಸಬೇಕಾಯಿತು. ಮದುವೆ ಮನೆಯ ಬಿರಿಯಾನಿ ಬಿಡಲಿಲ್ಲ, ಎರಡನೇ ಸಲ ಬಡಿಸಿಕೊಳ್ಳುವುದನ್ನು ಬಿಟ್ಟೆ.

ಓಟದ ದಿನ

ಜನವರಿಯಲ್ಲಿ ನಮ್ಮಲ್ಲಿ ಸೂರ್ಯ ಹುಟ್ಟುವಾಗ ಏಳು ಗಂಟೆ ಹತ್ತಿರ ಬರುತ್ತದೆ. ಜಮಾಅತ್ ಮುಗಿಸಿಯೇ ನಾವಿಬ್ಬರೂ ಹೊರಟೆವು. ಮಂಗಳೂರಿನ ಚಳಿ ಎಂದರೆ ಎಷ್ಟು? ಗಾಳಿ ಸ್ವಲ್ಪ ತಂಪು, ಅಷ್ಟೇ. ಒಂದು ಕಿಲೋಮೀಟರ್ ಆಗುವಾಗ ಅಂಗಿ ಬೆವರಿಗೆ ಅಂಟಿತು.

ಸೀಟಿ ಊದಿದ್ದೇ ತಡ, ಎಲ್ಲರ ಜೊತೆ ನಾನೂ ಜೋರಾಗಿ ಓಡಿದೆ. ಹೊಸಬರೆಲ್ಲ ಮಾಡುವ ತಪ್ಪು ಇದು. ಲಾಲ್‌ಬಾಗ್ ದಾಟುವಾಗಲೇ ಉಸಿರು ಗಂಟಲಿಗೆ ಬಂತು. ಮಗಳು ತಿರುಗಿ ನೋಡಿದಳು. “ನೀನು ಹೋಗು” ಎಂದು ಕೈ ಮಾಡಿದೆ. ಹೋದಳು. ಕದ್ರಿ ಗುಡ್ಡದ ಏರಿನಲ್ಲಿ ನಾನು ನಡೆದೇ ಹೋದೆ. ಎಪ್ಪತ್ತು ದಾಟಿದ ಅಜ್ಜ ಒಬ್ಬರು ನನ್ನನ್ನು ಹಿಂದೆ ಹಾಕಿದರು. ನಾಚಿಕೆಯಾಯಿತು, ಆದರೆ ಅವರ ಹೆಜ್ಜೆ ನೋಡಿ ಧೈರ್ಯವೂ ಬಂತು. ನನ್ನ ಬಾಪನಿಗೆ ಈ ಪ್ರಾಯ ಸಿಗಲಿಲ್ಲ.

47 ನಿಮಿಷಕ್ಕೆ ಮುಗಿಸಿದೆ. ಮಗಳು ಹನ್ನೆರಡು ನಿಮಿಷ ಮೊದಲೇ ಮುಟ್ಟಿ ಇಡ್ಲಿ ತಿನ್ನುತ್ತಿದ್ದಳು. “ತಡ ಆಯ್ತಲ್ಲ ಬಾಪ, ಚಟ್ನಿ ಖಾಲಿ!”

ಮನೆಗೆ ಬರುವಾಗ ಅವಳಿಗೊಂದು ಹದೀಸ್ ಹೇಳಿದೆ. ಪ್ರವಾದಿ(ಸ)ಯವರು ಪತ್ನಿ ಆಯಿಶಾ(ರ)ರ ಜೊತೆ ಓಟದ ಪಂದ್ಯ ಮಾಡಿದ್ದು ಅಬೂದಾವೂದ್ ಗ್ರಂಥದಲ್ಲಿದೆ. ಮೊದಲ ಸಲ ಆಯಿಶಾ(ರ) ಗೆದ್ದರು. ಕಾಲ ಕಳೆದು ಅವರ ಮೈ ತುಂಬಿಕೊಂಡ ಮೇಲೆ ಮತ್ತೆ ಓಡಿದಾಗ ಪ್ರವಾದಿ(ಸ) ಗೆದ್ದು, ಅಂದಿನದ್ದಕ್ಕೆ ಇಂದು ಸರಿಯಾಯಿತು ಎಂದರಂತೆ. ಮಗಳು ನಕ್ಕು, “ಹಾಗಾದ್ರೆ ಮುಂದಿನ ವರ್ಷ ನಿಮ್ಮ ಸರದಿ” ಎಂದಳು.

ಮೊನ್ನೆ ಮತ್ತೆ ಪರೀಕ್ಷೆ ಮಾಡಿಸಿದೆ. 5.8. ಹೊಸ್ತಿಲು ದಾಟಿ ಹೊರಗೆ ಬಂದಿಲ್ಲ, ಆದರೆ ಬಾಗಿಲಿನ ಕಡೆಗೆ ಮುಖ ಮಾಡಿದ್ದೇನೆ. ಅಲ್‌ಹಮ್ದುಲಿಲ್ಲಾಹ್. ಈಗ ಸುಬ್‌ಹಿ ಬಳಿಕ ನಮ್ಮ ಮಸೀದಿಯ ಗೇಟಿನ ಹತ್ತಿರ ನಾಲ್ಕು ಮಂದಿ ಸೇರುತ್ತೇವೆ. ಅದರಲ್ಲೊಬ್ಬರು ಲುಂಗಿ ಎತ್ತಿ ಕಟ್ಟಿಯೇ ಬರುತ್ತಾರೆ. ತೊಂದರೆ ಇಲ್ಲ, ನಡೆಯಲು ಬಂದರೆ ಸಾಕು. ನಿಮ್ಮ ಮೊಹಲ್ಲಾದಲ್ಲೂ ಇಬ್ಬರು ಸಿಕ್ಕರೆ ನಾಳೆಯೇ ಶುರು ಮಾಡಿ.