ಅಂಗಳಕ್ಕಿಳಿದ ಆಲಿಕಲ್ಲು

ಕಡೂರು, ತರೀಕೆರೆ, ಅಜ್ಜಂಪುರದ ಸೀಮೆಯಲ್ಲಿ ಹಿಮ ಬೀಳುವುದಿಲ್ಲ. ಆದರೂ ಇಲ್ಲಿನ ಅಂಗಳಗಳಿಗೆ ಮುಗಿಲಿನಿಂದ ಮಂಜುಗಡ್ಡೆ ಇಳಿಯುವುದುಂಟು. ಶಿವರಾತ್ರಿ ಕಳೆದು ಚಳಿ ಹಿಂದೆಗೆದ ಮೇಲೆ ರೇವತಿ, ಅಶ್ವಿನಿ, ಭರಣಿ ಮಳೆಗಳ ದಿನಗಳಲ್ಲಿ ಗುಡುಗಿನ ಜೊತೆ ಬೀಳುವ ಆಲಿಕಲ್ಲೇ ಅದು.

ಬಿಸಿಲ ಕಾಲದಲ್ಲಿ ಮಂಜುಗಡ್ಡೆ ಹೇಗೆ?

ಕಾದ ನೆಲದ ಗಾಳಿ ಹಗುರಾಗಿ ಮೇಲೇರುತ್ತದೆ. ಅದಕ್ಕೆ ಕಡಲ ಕಡೆಯ ತೇವ ಕೂಡಿದರೆ ಮಧ್ಯಾಹ್ನ ಕಳೆಯುವಷ್ಟರಲ್ಲಿ ಗುಡುಗುಮೋಡ ಎದ್ದು ನಿಲ್ಲುತ್ತದೆ. ಅದರ ತುದಿ 12 ಕಿ.ಮೀ. ಎತ್ತರವನ್ನೂ ದಾಟಬಲ್ಲದು. ನಮ್ಮ ನೆತ್ತಿಯ ಮೇಲೆ ಸುಮಾರು 5 ಕಿ.ಮೀ. ಎತ್ತರದಲ್ಲೇ ಉಷ್ಣತೆ ಸೊನ್ನೆ ಡಿಗ್ರಿಗೆ ಇಳಿದಿರುತ್ತದೆ. ಅಲ್ಲಿಂದ ಮೇಲೂ ಎಷ್ಟೋ ಹನಿಗಳು ಹೆಪ್ಪುಗಟ್ಟದೆ ನೀರಾಗಿಯೇ ತೇಲುತ್ತಿರುತ್ತವೆ. ಮಂಜಿನ ಹರಳೊಂದು ತಾಗಿದರೆ ಸಾಕು, ಅದಕ್ಕೇ ಅಂಟಿ ಗಟ್ಟಿಯಾಗುತ್ತವೆ. ಮೇಲೇರುವ ಗಾಳಿ ತಡೆದು ಹಿಡಿದಷ್ಟು ಹೊತ್ತು ಹರಳು ದಪ್ಪವಾಗುತ್ತದೆ, ಭಾರ ಮಿಕ್ಕಾಗ ಬೀಳುತ್ತದೆ. 5 ಮಿ.ಮೀ. ಅಥವಾ ಅದಕ್ಕೂ ದಪ್ಪಗಿದ್ದರೆ ಹವಾಮಾನ ಶಾಸ್ತ್ರ ಅದನ್ನು ಆಲಿಕಲ್ಲು ಎಂದು ಎಣಿಸುತ್ತದೆ. ಮುಂಗಾರಿನ ಮೋಡಗಳಲ್ಲಿ ಗಾಳಿಯ ಏರಿಕೆ ಇಷ್ಟು ಬಿರುಸಲ್ಲ. ಜಡಿಮಳೆಯಲ್ಲಿ ಆಲಿಕಲ್ಲು ಅಪರೂಪವಾಗಿರುವುದು ಅದಕ್ಕೇ.

ಒಂದೊಂದಕ್ಕೂ ಒಂದೊಂದು ಆಕಾರ

ಚಿಕ್ಕವು ಕೆಲವೊಮ್ಮೆ ಗೋಪುರದಂತೆ ಮೊನಚಾಗಿರುತ್ತವೆ. ಬೀಳುವಾಗ ಕೆಳಮೈಗೇ ಹೆಚ್ಚು ಹನಿ ಅಂಟುವುದರಿಂದ ಬುಡ ಅಗಲವಾಗುತ್ತದೆ. ದೊಡ್ಡವುಗಳ ಮೈಮೇಲೆ ಗುಬುಟುಗಳು ಏಳುತ್ತವೆ. ಒಮ್ಮೆ ಉಬ್ಬಿದ ಜಾಗ ಹನಿಗಳಿಗೆ ಮೊದಲು ಸಿಗುವುದರಿಂದ ಅದೇ ಮತ್ತಷ್ಟು ಬೆಳೆಯುತ್ತದೆ. ಹೆಂಚಿನಿಂದ ಜಾರಿದ ಕಲ್ಲುಗಳು ಗೋಡೆಯ ಬುಡದಲ್ಲಿ ರಾಶಿಬಿದ್ದು, ಒಂದಕ್ಕೊಂದು ಬೆಸೆದು ಹೆಂಟೆಯಾಗುವುದೂ ಉಂಟು. ಅವುಗಳ ತಣ್ಪು ತಾಗಿದ ತೇವದ ಗಾಳಿ ನೆಲಮಟ್ಟದಲ್ಲಿ ತೆಳ್ಳಗೆ ಮಂಜಾಗಿ ಹರಡುತ್ತದೆ.

ಒಳಗಿನ ಬಳೆಗಳು

ಆಲಿಕಲ್ಲನ್ನು ಸೀಳಿದರೆ ಈ ಭಾಗದ ಹೊಲಗಳ ಈರುಳ್ಳಿಯಲ್ಲಿರುವಂತೆ ಪದರಗಳು ಕಾಣಬಹುದು. ಹನಿ ತಾಗಿದ ಕೂಡಲೇ ಹೆಪ್ಪುಗಟ್ಟಿದರೆ ಗಾಳಿಗುಳ್ಳೆಗಳು ಒಳಗೇ ಸಿಕ್ಕಿ ಪದರ ಹಾಲುಬಿಳುಪಾಗುತ್ತದೆ. ನೀರು ಹೆಚ್ಚಿದ್ದು ನಿಧಾನವಾಗಿ ಗಟ್ಟಿಯಾದರೆ ಗುಳ್ಳೆಗಳು ಹೊರಬಿದ್ದು ಗಾಜಿನಂಥ ಪದರ ಮೂಡುತ್ತದೆ. ಕಲ್ಲು ಮೋಡದೊಳಗೆ ಎಂಥ ತಾಣಗಳನ್ನು ಹಾದು ಬಂತೆಂಬುದು ಈ ಬಳೆಗಳಲ್ಲಿ ದಾಖಲಾಗಿರುತ್ತದೆ. ಮೇಲೆ ಕೆಳಗೆ ಹಲವು ಸಲ ಓಡಾಡಿದರೆ ಮಾತ್ರ ಪದರ ಬರುತ್ತದೆಂದು ಹಿಂದೆ ಭಾವಿಸಲಾಗಿತ್ತು. ಒಂದೇ ಪಯಣದಲ್ಲೂ ಹಲವು ಪದರ ಕೂಡಬಲ್ಲವು ಎಂಬುದು ಈಗಿನ ತಿಳಿವಳಿಕೆ.

ತಿಳಿದಿರುವವುಗಳಲ್ಲಿ ಅತಿ ಅಗಲದ ಆಲಿಕಲ್ಲು ಅಮೆರಿಕದ ವಿವಿಯನ್ ಊರಿನಲ್ಲಿ 2010ರ ಜುಲೈ 23ರಂದು ಬಿದ್ದಿತು. ಅಗಲ ಸುಮಾರು 20 ಸೆಂ.ಮೀ., ತೂಕ ಸುಮಾರು 880 ಗ್ರಾಂ. ನಮ್ಮ ದೇಶದ ಮೊರಾದಾಬಾದ್ ಸೀಮೆಯಲ್ಲಿ 1888ರ ಏಪ್ರಿಲ್ 30ರ ಆಲಿಕಲ್ಲು ಮಳೆ 246 ಜನರ ಜೀವ ತೆಗೆಯಿತು. ಆದ್ದರಿಂದ ಮಳೆ, ಸಿಡಿಲು ಪೂರ್ತಿ ನಿಲ್ಲುವ ತನಕ ಸೂರಿನಡಿಯೇ ಇರಬೇಕು.

ಮಾಡಿ ನೋಡಿ

ಮಳೆ ನಿಂತ ಮೇಲೆ ದೊಡ್ಡ ಕಲ್ಲೊಂದನ್ನು ಆರಿಸಿ, ಪಕ್ಕದಲ್ಲಿ ಅಡಿಪಟ್ಟಿ ಇಟ್ಟು ಫೋಟೊ ತೆಗೆಯಿರಿ. ಬೆಚ್ಚಗಿನ ಸ್ಟೀಲ್ ತಟ್ಟೆಗೆ ಅದರ ಒಂದು ಮಗ್ಗುಲನ್ನು ಉಜ್ಜಿದರೆ ಅದು ಕರಗಿ ಸಪಾಟಾಗಿ ಬಳೆಗಳು ತೋರುತ್ತವೆ. ದಿನ, ಹೊತ್ತು, ಊರು, ಅಳತೆ ಬರೆದಿಡಿ. ಬೆಳೆವಿಮೆ ಮಾಡಿಸಿದವರು ಹೊಲ ಹಾಳಾಗಿದ್ದರೆ 72 ಗಂಟೆಯೊಳಗೆ ತಿಳಿಸಬೇಕು. ಆಲಿಕಲ್ಲು ಬೀಳುವುದು ಕಿರಿದಾದ ಪಟ್ಟಿಯಲ್ಲಿ. ಒಂದೂರಿಗೆ ಬಿದ್ದದ್ದು ಪಕ್ಕದೂರಿಗೆ ಬೀಳದು, ಮಳೆಮಾಪಕದ ಲೆಕ್ಕಕ್ಕೂ ಬಾರದೆ ಹೋಗಬಹುದು. ಅಂಥ ಕಡೆ ಮನೆಯವರು ಬರೆದಿಟ್ಟ ನಾಲ್ಕು ಸಾಲೇ ಆ ಮಳೆಯ ದಾಖಲೆ.