ತಾಯಿಯ ಕಡೆಯ ವಂಶಾವಳಿ: ಅದನ್ನು ಅರಸಬೇಕಾದ ಸ್ಥಳ

ತಂದೆಯ ಕಡೆಯ ಐದಾರು ತಲೆಗಳನ್ನು ತಡೆಯದೆ ಹೇಳಬಲ್ಲ ಹಿರಿಯರು ನಮ್ಮಲ್ಲಿ ಅನೇಕರುಂಟು. ತಾಯಿಯ ತಾಯಿ, ಆಕೆಯ ತಾಯಿ ಯಾವ ಊರಿನ ಮಗಳೆಂದು ಕೇಳಿದರೆ ಅವರೂ ಸುಮ್ಮನಾಗುವರು. ಹೆಣ್ಣಿನ ಬಳ್ಳಿಯನ್ನು ಯಾರೂ ಬರೆದಿಡಲಿಲ್ಲವೆಂಬುದು ಇದಕ್ಕೆ ಕೊಡುವ ಸಾಮಾನ್ಯ ಸಮಾಧಾನ. ಅದು ಅರ್ಧ ಮಾತ್ರ ನಿಜವಾದುದು. ಬರೆದದ್ದುಂಟು, ಆದರೆ ಅದು ಗಂಡನ ಊರಿನಲ್ಲಿಲ್ಲ.

ಶಾಸನಗಳಲ್ಲಿ ಮಾತೃನಾಮಗಳು ಹೇರಳವಾಗಿವೆಯಲ್ಲವೆ ಎಂದು ವಿದ್ವಾಂಸರು ಕೇಳಬಹುದು. ಗೌತಮೀಪುತ್ರ ಸಾತಕರ್ಣಿಯ ತಾಯಿ ಗೌತಮೀ ಬಲಶ್ರೀಯನ್ನು ನಾಸಿಕದ ಶಾಸನದಿಂದ ನಾವು ಬಲ್ಲೆವು. ಆದರೆ ಬನವಾಸಿಯ ಚುಟುಗಳು, ಕದಂಬರು, ಬಾದಾಮಿಯ ಚಲುಕ್ಯರು ಎಲ್ಲರೂ ಹಾರಿತೀಪುತ್ರರೇ. ಮೂರು ರಾಜವಂಶಗಳಿಗೆ ಸಲ್ಲುವ ಈ ತಾಯಿ ಬಿರುದಾಗಿ ಉಳಿದವಳೇ ಹೊರತು ಯಾರೊಬ್ಬನ ತಾಯಿಯೂ ಅಲ್ಲ. ನಮ್ಮ ಶೋಧನೆಗೆ ಇದರಿಂದ ಪ್ರಯೋಜನವಿಲ್ಲ.

ಬನವಾಸಿ ಸೀಮೆಗೆ ದೂರವಲ್ಲದ, ಮುಂಡಗೋಡ ತಾಲೂಕಿನ ಮಳಗಿಯನ್ನು ದೃಷ್ಟಾಂತವಾಗಿ ತೆಗೆದುಕೊಳ್ಳೋಣ. ಅಲ್ಲಿಗೆ ಸೊಸೆಯಾಗಿ ಬಂದವಳ ತವರು ನೆರೆಯ ಹಾನಗಲ್ಲ ಕಡೆಯದೆಂದಿಟ್ಟುಕೊಳ್ಳಿರಿ. ಅವಳ ಮಕ್ಕಳ ಕಾಗದಪತ್ರಗಳು ಉತ್ತರ ಕನ್ನಡದಲ್ಲಿ, ಅವಳ ತಂದೆಯವು 1997ರವರೆಗೆ ಧಾರವಾಡ ಜಿಲ್ಲೆಯಲ್ಲಿಯೂ ಅನಂತರ ಹಾವೇರಿಯಲ್ಲಿಯೂ. ಇನ್ನೂ ಹಿಂದೆ ಹೋದರೆ, 1862ರವರೆಗೆ ಮೊದಲನೆಯ ಊರು ಮದರಾಸು ಆಧಿಪತ್ಯದ್ದು, ಎರಡನೆಯದು ಮುಂಬಯಿಯದು. ಪೇಶ್ವೆಯರ ಕಾಲದ ದಫ್ತರವಾದರೆ ಮೋಡಿ ಲಿಪಿಯನ್ನೂ ಕಲಿಯಬೇಕು.

ಆ ಕಡೆಯ ಬಯಲುಸೀಮೆಯಲ್ಲಿ ವಂಶಾವಳಿಯನ್ನು ಕಾಪಾಡಿದವರು ಹೆಳವರು. ಎತ್ತನ್ನೇರಿ ಗಂಟೆ ಬಾರಿಸುತ್ತ, ಕೆಲವು ವರ್ಷಗಳಿಗೊಮ್ಮೆ ತಮ್ಮ ಪಾಲಿನ ಒಕ್ಕಲುಮನೆಗಳಿಗೆ ಬಂದು, ಮೂಲಪುರುಷನಿಂದ ಹಿಡಿದು ಬೆಡಗು, ವಲಸೆ ಬಂದ ಊರು, ಹುಟ್ಟಿದ ಮಕ್ಕಳು ಎಲ್ಲವನ್ನೂ ಹೇಳಿ, ಹೊಸ ಹೆಸರುಗಳನ್ನು ಸೇರಿಸಿಕೊಂಡು, ಕಾಳು ಪಾತ್ರೆಗಳನ್ನು ಪಡೆದು ಹೋಗುವುದು ಅವರ ವೃತ್ತಿ. ಅವರ ಪುಸ್ತಕ ಮುಖ್ಯವಾಗಿ ಗಂಡುಸಂತತಿಯದು. ಆದರೆ ಒಂದೇ ಬೆಡಗಿನೊಳಗೆ ಮದುವೆಯಿಲ್ಲವಾದ್ದರಿಂದ ತಾಯಿಯ ಬೆಡಗು ಮಗನದರಿಂದ ಬೇರೆಯಾಗಿರಲೇಬೇಕು. ಆದಕಾರಣ ತನ್ನ ಮನೆಯ ಹೆಳವನನ್ನು ಕೇಳಿ ನಿರಾಶನಾದವನು ಸೋದರಮಾವನ ಮನೆಯ ಹೆಳವನನ್ನು ಕೇಳತಕ್ಕದ್ದು. ಪ್ರತಿಯೊಂದು ತಲೆಗೂ ಹೀಗೆ ಪುಸ್ತಕವನ್ನು ಬದಲಾಯಿಸಬೇಕು.

ಸರ್ಕಾರಿ ದಾಖಲೆಗಳಲ್ಲಿಯೂ ತೊಡಕು ಇದೇ. ತಂದೆಯ ಹೆಸರಿನ ಹಿಂದೆ ‘ಬಿನ್’ ಬರೆಯುವಂತೆ ಗಂಡನ ಹೆಸರಿನ ಹಿಂದೆ ‘ಕೋಂ’ ಬರೆಯುವುದು ರೂಢಿ. ಈ ಒಂದು ಅಕ್ಷರದೊಡನೆ ಹೆಣ್ಣಿನ ತಂದೆ ದಾಖಲೆಯಿಂದ ಮರೆಯಾಗುತ್ತಾನೆ. ಅವಳನ್ನು ತಂದೆಯೊಡನೆ ಮತ್ತೆ ಕೂಡಿಸುವುದು ತವರೂರಿನ ವಾರಸಾ ದಾಖಲೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಿಂದ ಮಗಳೂ ತಂದೆಯ ಸ್ವಂತ ಆಸ್ತಿಗೆ ವಾರಸುದಾರಳಾದಳು. 1994ರಲ್ಲಿ ಕರ್ನಾಟಕವು ಒಟ್ಟುಕುಟುಂಬದ ಆಸ್ತಿಯಲ್ಲಿಯೂ ಅವಳಿಗೆ ಹಕ್ಕು ಕೊಟ್ಟಿತು. ಅಕ್ಕತಂಗಿಯರು ಅಣ್ಣತಮ್ಮಂದಿರಿಗೆ ಪಾಲು ಬಿಟ್ಟುಕೊಡುವಾಗ ಉಪನೋಂದಣಿ ಕಚೇರಿಯಲ್ಲಿ ಹಕ್ಕುಬಿಡುಗಡೆ ಪತ್ರ ಆಗುತ್ತದೆ. ಒಬ್ಬೊಬ್ಬ ಹೆಣ್ಣುಮಗಳ ಹೆಸರು, ಗಂಡನ ಹೆಸರು, ಈಗಿರುವ ಊರು ಅದರಲ್ಲಿ ನಮೂದಾಗಿರುತ್ತವೆ. ಹೆಣ್ಣು ತನ್ನ ಪಾಲನ್ನು ಕಳೆದುಕೊಂಡ ಕಾಗದವೇ ಅವಳ ವಿಳಾಸವನ್ನು ಉಳಿಸಿಕೊಟ್ಟಿರುವುದು ವಿಷಾದದ ಸಂಗತಿಯಾದರೂ, ದೂರವಾದ ದೊಡ್ಡಮ್ಮ ಚಿಕ್ಕಮ್ಮಂದಿರ ಮಕ್ಕಳನ್ನು ಹುಡುಕುವವನಿಗೆ ಇಷ್ಟು ನೆರವಾಗುವ ಪತ್ರ ಬೇರೆ ದೊರೆಯುವುದು ಕಷ್ಟ.

ಇನ್ನೊಂದು ವಿಶೇಷವುಂಟು. ಅಕ್ಕನ ಮಗಳನ್ನು ಮದುವೆಯಾಗುವ ಪದ್ಧತಿಯಿರುವ ಮನೆಗಳಲ್ಲಿ ಮಗುವಿನ ತಾಯಿಯ ತಾಯಿ ತಂದೆಗೆ ಅಕ್ಕನೇ ಆಗುವಳು. ತಂದೆಯ ತಾಯಿಯೇ ತಾಯಿಗೆ ಅಜ್ಜಿ. ಅಂಥಲ್ಲಿ ಶೋಧಕನು ತಾಯಿಯ ತವರನ್ನು ದಾಟಿ ಮೇಲಕ್ಕೆ ಹೋದರೆ ತಾನು ಹೊರಟ ಮನೆಗೇ ಬಂದು ಸೇರುವನು. ಮುಂದಿನ ಹೆಜ್ಜೆಗೆ ತಂದೆಯ ತಾಯಿಯ ತವರೂರನ್ನು ವಿಚಾರಿಸಬೇಕು.